ಬಿಳಿ ಮಚ್ಚೆಗೆ ಡ್ರಿಲ್ ಬೇಕೆ?

ಒಂದೇ ಬಾಯಿಯನ್ನು ಇಬ್ಬರು ದಂತವೈದ್ಯರಿಗೆ ತೋರಿಸಿದರೆ ಇಬ್ಬರೂ ಒಂದೇ ಮಾತು ಹೇಳುತ್ತಾರೆಂದು ನಾವು ನಂಬಿಕೊಂಡಿರುತ್ತೇವೆ. 1983ರಲ್ಲಿ ಪ್ರಕಟವಾದ ಎಲ್ಡರ್ಟನ್ ಮತ್ತು ನಟಾಲ್ ಅವರ ಅಧ್ಯಯನ ಆ ನಂಬಿಕೆಯನ್ನು ಅಲುಗಾಡಿಸಿತು. ಸ್ಕಾಟ್ಲೆಂಡಿನ 18 ಮಂದಿ ತರುಣ ತರುಣಿಯರನ್ನು 15 ದಂತವೈದ್ಯರು ಒಬ್ಬೊಬ್ಬರಾಗಿ ಪರೀಕ್ಷಿಸಿ, ಯಾವ ಹಲ್ಲಿನ ಯಾವ ಬದಿಗೆ ಫಿಲ್ಲಿಂಗ್ ಮಾಡಬೇಕು ಎಂದು ಬರೆದುಕೊಟ್ಟರು. ಎಲ್ಲಕ್ಕಿಂತ ಚಿಕ್ಕ ಪಟ್ಟಿಯಲ್ಲಿ 20 ಜಾಗಗಳಿದ್ದವು, ಎಲ್ಲಕ್ಕಿಂತ ದೊಡ್ಡದರಲ್ಲಿ 153. ನೋಡಿದ ಬಾಯಿಗಳು ಅವೇ, ನೋಡಿದವರೆಲ್ಲರೂ ಓದಿ ಪದವಿ ಪಡೆದವರೇ. ಅರ್ಧ ಕುಸಿದು ಕಪ್ಪಗಾದ ದವಡೆ ಹಲ್ಲಿನ ಬಗ್ಗೆ ಇಷ್ಟು ಭಿನ್ನಾಭಿಪ್ರಾಯ ಬರುವುದಿಲ್ಲ. ಭಿನ್ನಾಭಿಪ್ರಾಯ ಹುಟ್ಟುವುದು ಹುಳುಕು ಈಗಷ್ಟೇ ಶುರುವಾಗಿರಬಹುದು ಎಂಬ ಅನುಮಾನ ಮೂಡುವ ಕಡೆ: ಒಸಡಿನ ಅಂಚಿನ ಬಿಳಿ ಮಚ್ಚೆ, ದವಡೆ ಹಲ್ಲಿನ ಗೀರಿನೊಳಗಿನ ಕಂದು ಗೆರೆ, ಎಕ್ಸ್-ರೇಯಲ್ಲಿ ಎರಡು ಹಲ್ಲುಗಳ ನಡುವೆ ಕಾಣುವ ಮಸುಕು ನೆರಳು. ಇಂಥ ಕಡೆ ‘ಇದು ಹುಳುಕೋ ಅಲ್ಲವೋ’ ಎಂಬ ಒಂದೇ ಪ್ರಶ್ನೆ ಕೇಳಿ, ಹೌದು ಎಂದಾದ ಕೂಡಲೇ ಕೊರೆಯುವ ರೂಢಿ ಬಹುಕಾಲ ನಡೆದುಬಂತು. ಕೇಳಬೇಕಾದವು ಎರಡು ಪ್ರಶ್ನೆಗಳು, ಅವಕ್ಕೆ ಬೇಕಾದ ಪುರಾವೆಯ ಮಟ್ಟವೂ ಬೇರೆ ಬೇರೆ. ಆರೈಕೆ ಶುರುಮಾಡಲು ಅನುಮಾನವೇ ಸಾಕು. ಕೊರೆಯಲು ಮಾತ್ರ ಗಟ್ಟಿ ಪುರಾವೆ ಬೇಕು. ಈ ಅಧ್ಯಾಯದ ವಾದ ಇಷ್ಟೇ, ಆದರೆ ಅದು ನಿಲ್ಲಬೇಕಾದರೆ ಹಲ್ಲಿನೊಳಗೆ ಏನು ನಡೆಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಹಲ್ಲಿನ ಹೊರಕವಚವಾದ ಎನಾಮೆಲ್ ತೂಕದಲ್ಲಿ ಸುಮಾರು 96% ಖನಿಜ. ನಮ್ಮ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಬೇರೊಂದಿಲ್ಲ. ಆದರೂ ಅದು ಕಲ್ಲಿನಂತೆ ಜಡವಾಗಿ ಕೂತಿರುವುದಿಲ್ಲ, ಜೊಲ್ಲಿನೊಂದಿಗೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಅನ್ನು ದಿನವಿಡೀ ಕೊಟ್ಟು ತೆಗೆದುಕೊಳ್ಳುತ್ತಿರುತ್ತದೆ. ಹಲ್ಲಿನ ಮೇಲೆ ಕಟ್ಟುವ ಲೋಳೆಪದರದಲ್ಲಿನ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಹುದುಗಿಸಿ ಆಮ್ಲ ಮಾಡುತ್ತವೆ ಎಂಬುದನ್ನು ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕನ್ ದಂತವೈದ್ಯ ವಿಲ್ಲೋಬಿ ಮಿಲ್ಲರ್ 1890ರ ತಮ್ಮ ಪುಸ್ತಕದಲ್ಲೇ ವಿವರಿಸಿದ್ದರು. ಅದರ ವೇಗ ಎಷ್ಟೆಂದು 1940ರ ದಶಕದಲ್ಲಿ ರಾಬರ್ಟ್ ಸ್ಟೀಫನ್ ಅಳೆದು ತೋರಿಸಿದರು. ಸಕ್ಕರೆ ನೀರಿನಿಂದ ಬಾಯಿ ಮುಕ್ಕಳಿಸಿದ ಕೆಲವೇ ನಿಮಿಷಗಳಲ್ಲಿ ಲೋಳೆಪದರದ ಪಿಎಚ್ ಸರ್ರನೆ ಇಳಿಯುತ್ತದೆ, ಮತ್ತೆ ಏರಿ ಮೊದಲಿನ ಮಟ್ಟಕ್ಕೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿರುವಷ್ಟು ಹೊತ್ತು ಎನಾಮೆಲ್ ಖನಿಜ ಕಳೆದುಕೊಳ್ಳುತ್ತದೆ, ಅದು ದಾಟಿ ಮೇಲೆ ಬಂದಾಗ ಜೊಲ್ಲಿನಿಂದ ಮರಳಿ ಪಡೆಯುತ್ತದೆ. ಹಾಗಾಗಿ ಊಟದ ಜೊತೆ ಒಮ್ಮೆ ತಿಂದ ಎರಡು ಮೈಸೂರು ಪಾಕಿಗಿಂತ, ಬೆಳಗಿನಿಂದ ಸಂಜೆಯವರೆಗೆ ಗುಟುಕು ಗುಟುಕಾಗಿ ಕುಡಿಯುವ ಸಿಹಿ ಕಾಫಿ ಹಲ್ಲಿಗೆ ಹೆಚ್ಚು ಹಾನಿ ಮಾಡಬಲ್ಲದು. ಲೆಕ್ಕಕ್ಕೆ ಬರುವುದು ಸಕ್ಕರೆಯ ಪ್ರಮಾಣ ಮಾತ್ರವಲ್ಲ, ಎಷ್ಟು ಸಲ ಎಂಬುದೂ ಹೌದು.

ಕೊಡುವುದು ಹೆಚ್ಚಿ ಪಡೆಯುವುದು ಕಡಿಮೆಯಾದ ದಿನಗಳು ಒಂದರ ಮೇಲೊಂದು ಸೇರಿದಾಗ ಎನಾಮೆಲ್‌ನ ಒಳಗೆ ಸಣ್ಣ ಸಣ್ಣ ರಂಧ್ರಗಳಾಗುತ್ತವೆ. ವಿಶೇಷವೆಂದರೆ ನಷ್ಟ ಹೆಚ್ಚಾಗುವುದು ಮೇಲ್ಪದರದ ಅಡಿಯಲ್ಲಿ, ತೆಳುವಾದ ಮೇಲ್ಪದರ ಬಹುಮಟ್ಟಿಗೆ ಉಳಿದುಕೊಂಡಿರುತ್ತದೆ. ಇದೇ ನಮ್ಮ ಬಿಳಿ ಮಚ್ಚೆ. ಇದು ಎಷ್ಟು ಬೇಗ ಹುಟ್ಟುತ್ತದೆ, ಎಷ್ಟು ಸುಲಭವಾಗಿ ಹಿಂದಕ್ಕೆ ಸರಿಯುತ್ತದೆ ಎಂಬುದಕ್ಕೆ 1970ರಲ್ಲಿ ಫಾನ್ ಡೆರ್ ಫೇರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಸಾಕ್ಷಿ. ದಂತವೈದ್ಯ ವಿದ್ಯಾರ್ಥಿಗಳು 23 ದಿನ ಹಲ್ಲುಜ್ಜುವುದನ್ನು ಬಿಟ್ಟರು, ಅವರಲ್ಲಿ ಒಂದು ಗುಂಪು ದಿನಕ್ಕೆ 9 ಸಲ ಸಕ್ಕರೆ ದ್ರಾವಣದಿಂದ ಬಾಯಿ ಮುಕ್ಕಳಿಸಿತು. ಮೂರು ವಾರ ಕಳೆಯುವಷ್ಟರಲ್ಲಿ ಬಿಳಿ ಮಚ್ಚೆಗಳು ಕಾಣಿಸಿಕೊಂಡವು. ಬಳಿಕ ಚೆನ್ನಾಗಿ ಹಲ್ಲುಜ್ಜಿ ಫ್ಲೋರೈಡ್ ದ್ರಾವಣ ಬಳಸಿದಾಗ ಅವು ಹಿಂದೆ ಸರಿದವು. ಹಾಗಾದರೆ ಪ್ರಯೋಗದ ಕಟ್ಟುಪಾಡಿಲ್ಲದ ನಿತ್ಯ ಬದುಕಿನಲ್ಲಿ? ನೆದರ್‌ಲೆಂಡ್ಸಿನ ಬಾಕರ್ ಡಿರ್ಕ್ಸ್ 8 ವರ್ಷದ ಮಕ್ಕಳ ಮೇಲಿನ ದವಡೆ ಹಲ್ಲುಗಳ ಕೆನ್ನೆ ಕಡೆಯ ಬದಿಯಲ್ಲಿ 72 ಬಿಳಿ ಮಚ್ಚೆಗಳನ್ನು ಗುರುತಿಸಿ, ಆ ಮಕ್ಕಳು 15 ವರ್ಷದವರಾದಾಗ ಮತ್ತೆ ನೋಡಿದರು. 1966ರಲ್ಲಿ ಅವರು ವರದಿ ಮಾಡಿದ ಪ್ರಕಾರ 9 ಮಾತ್ರ ಕುಳಿಯಾಗಿದ್ದವು, 26 ಹಾಗೆಯೇ ಇದ್ದವು, 37 ಕಣ್ಣಿಗೆ ಕಾಣದಷ್ಟು ಸರಿಹೋಗಿದ್ದವು. ಮೊದಲ ದಿನವೇ 72ಕ್ಕೂ ಫಿಲ್ಲಿಂಗ್ ಮಾಡಿದ್ದರೆ ಅದರಲ್ಲಿ 63 ಅನಗತ್ಯವಾಗುತ್ತಿದ್ದವು. ಅಷ್ಟೇ ಅಲ್ಲ, ಎಲ್ಲ 72 ಹಲ್ಲುಗಳನ್ನೂ ತಾವೇ ಉಳಿಸಿದೆವು ಎಂದು ಕೊರೆದವರು ಪ್ರಾಮಾಣಿಕವಾಗಿಯೇ ನಂಬುತ್ತಿದ್ದರು. ಕೊರೆದ ಹಲ್ಲು ಕೊರೆಯದಿದ್ದರೆ ಏನಾಗುತ್ತಿತ್ತು ಎಂದು ತೋರಿಸುವ ಅವಕಾಶ ಮತ್ತೆ ಬರುವುದಿಲ್ಲವಲ್ಲ.

ಇನ್ನು ಗುರುತಿಸುವ ವಿಚಾರ. ಇಲ್ಲಿ ಅತ್ಯಂತ ಬೆಲೆಬಾಳುವ ಉಪಕರಣ ಕುರ್ಚಿಯ ಪಕ್ಕದಲ್ಲೇ ನೇತಾಡುವ ಗಾಳಿಯ ನಳಿಕೆ ಎಂದರೆ ಹಲವರಿಗೆ ಅಚ್ಚರಿಯಾಗಬಹುದು. ಎನಾಮೆಲ್‌ನ ವಕ್ರೀಭವನ ಸೂಚ್ಯಂಕ ಸುಮಾರು 1.62, ನೀರಿನದು 1.33, ಗಾಳಿಯದು 1. ಒದ್ದೆ ಹಲ್ಲಿನ ರಂಧ್ರಗಳಲ್ಲಿ ನೀರು ತುಂಬಿರುವುದರಿಂದ ಬೆಳಕು ಹೆಚ್ಚು ಚದುರದೆ ಒಳಹೋಗುತ್ತದೆ, ಮಚ್ಚೆ ಅಡಗಿರುತ್ತದೆ. ಗಾಳಿ ಊದಿ ಆ ನೀರನ್ನು ಓಡಿಸಿದರೆ ಬೆಳಕು ಚದುರಿ ಜಾಗ ಬೆಳ್ಳಗಾಗುತ್ತದೆ. ಬಚ್ಚಲುಮನೆಯ ಮಬ್ಬು ಗಾಜಿನ ಮೇಲೆ ನೀರು ಬಿದ್ದಾಗ ಆಚೆಯದು ಕಂಡು, ಒಣಗಿದ ಮೇಲೆ ಮತ್ತೆ ಮಬ್ಬಾಗುವುದೂ ಇದೇ ಕಾರಣಕ್ಕೆ. ಇದರಲ್ಲೊಂದು ಅಳತೆಯೂ ಅಡಗಿದೆ. ಐದು ಸೆಕೆಂಡು ಒಣಗಿಸಿದ ಮೇಲಷ್ಟೇ ಕಾಣುವ ಮಚ್ಚೆ ಸಾಮಾನ್ಯವಾಗಿ ಎನಾಮೆಲ್‌ನ ಹೊರಭಾಗಕ್ಕೆ ಸೀಮಿತವಾಗಿರುತ್ತದೆ, ಒದ್ದೆಯಿರುವಾಗಲೇ ಕಾಣುವುದು ಇನ್ನೂ ಆಳಕ್ಕೆ ಇಳಿದಿರುತ್ತದೆ. ಈ ಶತಮಾನದ ಆರಂಭದಲ್ಲಿ ರೂಪುಗೊಂಡು ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಐಸಿಡಿಎಎಸ್ ಎಂಬ 0ಯಿಂದ 6ರವರೆಗಿನ ಶ್ರೇಣಿ, 1 ಮತ್ತು 2ನೇ ಹಂತಗಳನ್ನು ಬೇರ್ಪಡಿಸುವುದು ಇದೇ ಆಧಾರದ ಮೇಲೆ. ಆದರೆ ಆಳ ಗೊತ್ತಾದರೆ ಸಾಲದು, ಮಚ್ಚೆ ಈಗಲೂ ಬೆಳೆಯುತ್ತಿದೆಯೋ ನಿಂತಿದೆಯೋ ಗೊತ್ತಾಗಬೇಕು. ಸುಣ್ಣದಂತೆ ಹೊಳಪಿಲ್ಲದೆ, ಗುಂಡುತುದಿಯ ಪ್ರೋಬನ್ನು ಮೆಲ್ಲಗೆ ಆಡಿಸಿದಾಗ ತರಿತರಿಯಾಗಿದ್ದು, ಮೇಲೆ ಲೋಳೆ ಕಟ್ಟಿ ಪಕ್ಕದ ಒಸಡಿನಿಂದ ರಕ್ತ ಜಿನುಗುತ್ತಿದ್ದರೆ ಅದು ಸಕ್ರಿಯ. ಹೊಳಪಾಗಿ ನುಣುಪಾಗಿ ಒಸಡಿನಿಂದ ದೂರ ಸರಿದಂತಿದ್ದರೆ ಬಹುತೇಕ ನಿಂತುಹೋದ ಹಳೆಯ ಕಲೆ. ಡೆನ್ಮಾರ್ಕಿನ ಬೆಂಟೆ ನ್ಯುವಾಡ್ 1999ರಲ್ಲಿ ಈ ವ್ಯತ್ಯಾಸವನ್ನೇ ರೋಗನಿರ್ಣಯದ ಕೇಂದ್ರಕ್ಕೆ ತಂದರು.

ಕರ್ನಾಟಕದಲ್ಲಿ ಇನ್ನೊಂದು ತೊಡಕಿದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ರಾಯಚೂರು ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಅಲ್ಲಿನ ಮಕ್ಕಳ ಹಲ್ಲಿನ ಮೇಲೂ ಬಿಳಿ ಮಚ್ಚೆಗಳಿರುತ್ತವೆ. ಅವು ಹುಳುಕಲ್ಲ, ಫ್ಲೋರೋಸಿಸ್. ಬಾಯಿಯ ಎಡಬಲಗಳಲ್ಲಿ ಒಂದೇ ಬಗೆಯಾಗಿ, ಹಲ್ಲಿನ ತುದಿಗಳಲ್ಲಿ ಅಥವಾ ಇಡೀ ಹಲ್ಲಿಗೆ ಅಡ್ಡಡ್ಡವಾಗಿ ಸಣ್ಣ ಗೆರೆಗಳಂತೆ ಹರಡಿ, ಅಂಚು ಎಲ್ಲಿ ಮುಗಿಯಿತೆಂದು ಹೇಳಲಾಗದಂತಿದ್ದರೆ ಫ್ಲೋರೋಸಿಸ್ ಎಂದು ಶಂಕಿಸಬೇಕು. ಹುಳುಕಿನ ಮಚ್ಚೆ ಲೋಳೆ ಕೂರುವ ಜಾಗದಲ್ಲೇ, ಒಸಡಿನ ಅಂಚಿಗೆ ಸಮನಾಗಿ ಬಿದಿಗೆಯ ಚಂದ್ರನಾಕಾರದಲ್ಲಿ ಬರುತ್ತದೆ. ಎರಡೂ ಒಂದೇ ಬಾಯಲ್ಲಿ ಇರಬಹುದಾದ್ದರಿಂದ ಹಲ್ಲು ಹಲ್ಲನ್ನೂ ಬಿಡಿಯಾಗಿ ನೋಡದೆ ಗತಿಯಿಲ್ಲ.

ಗೀರುಗಳ ವಿಷಯಕ್ಕೆ ಬಂದರೆ ದೊಡ್ಡ ಅಭ್ಯಾಸವೊಂದನ್ನು ಎದುರಿಸಬೇಕಾಗುತ್ತದೆ. ಚೂಪುತುದಿಯ ಪ್ರೋಬನ್ನು ಗೀರಿನೊಳಗೆ ಒತ್ತಿ, ಅದು ಸಿಕ್ಕಿಹಾಕಿಕೊಂಡರೆ ಹುಳುಕು ಎನ್ನುವುದನ್ನು ತಲೆಮಾರುಗಳ ದಂತವೈದ್ಯರು ಕಲಿತರು. ಪ್ರೋಬ್ ಸಿಕ್ಕಿಕೊಳ್ಳುವುದು ಗೀರಿನ ಆಕಾರ, ತುದಿಯ ಚೂಪು, ಕೈಯ ಒತ್ತಡ ಇವುಗಳ ಮೇಲೆ ನಿಂತಿದೆ, ಆರೋಗ್ಯವಾದ ಇಕ್ಕಟ್ಟು ಗೀರೂ ಅದನ್ನು ಹಿಡಿದುಕೊಳ್ಳುತ್ತದೆ. ಕಣ್ಣಿನ ಪರೀಕ್ಷೆಗೆ ಪ್ರೋಬ್ ಸೇರಿಸಿದ್ದರಿಂದ ನಿರ್ಣಯದ ನಿಖರತೆ ಹೆಚ್ಚುವುದಿಲ್ಲವೆಂದು ಸ್ವಿಟ್ಜರ್‌ಲೆಂಡಿನ ಆಡ್ರಿಯನ್ ಲುಸ್ಸಿ 1991ರಲ್ಲಿ ತೋರಿಸಿದರು. ಅದಕ್ಕೂ ಮೊದಲು, 1987ರಲ್ಲಿ, ಎಕ್‌ಸ್ಟ್ರಾಂಡ್ ಮತ್ತು ಸಂಗಡಿಗರು ಕೀಳಬೇಕಾಗಿದ್ದ ಬುದ್ಧಿಹಲ್ಲುಗಳಲ್ಲಿ ಕೆಲವನ್ನು ಪ್ರೋಬಿನಿಂದ ಚುಚ್ಚಿ, ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು. ಚುಚ್ಚಿದ ಹಲ್ಲುಗಳ ಮೇಲ್ಪದರ ಮುರಿದಿತ್ತು. ಖನಿಜವನ್ನು ಮರಳಿ ತುಂಬಿಸಿಕೊಳ್ಳಲು ಆಧಾರವಾಗಿದ್ದ ಪದರವದು. ಪರೀಕ್ಷೆಯ ಹೆಸರಿನಲ್ಲಿ ಅದನ್ನೇ ಒಡೆದು, ವಾಸಿಯಾಗಬಹುದಾಗಿದ್ದ ಮಚ್ಚೆಯನ್ನು ನಾವೇ ಕುಳಿ ಮಾಡಿದಂತಾಗುತ್ತದೆ. ಈ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ ಎಂಬುದು ನಿಜಕ್ಕೂ ಬೇಸರದ ಸಂಗತಿ.

ಹಲ್ಲುಗಳ ನಡುವಿನ ಜಾಗ ಕಣ್ಣಿಗೆ ಎಟುಕುವುದಿಲ್ಲ, ಅಲ್ಲಿ ಎಕ್ಸ್-ರೇ ಬೇಕೇ ಬೇಕು. ಫಿಲ್ಮಿನ ರೆಕ್ಕೆಯನ್ನು ಹಲ್ಲುಗಳ ನಡುವೆ ಕಚ್ಚಿಹಿಡಿದು ತೆಗೆಯುವ ಬೈಟ್‌ವಿಂಗ್ ಚಿತ್ರ 1920ರ ದಶಕದಿಂದ ಬಳಕೆಯಲ್ಲಿದೆ. ಅದರ ನೆರಳನ್ನು ಹೇಗೆ ಓದಬೇಕೆಂಬುದು ಮಾತ್ರ ಬದಲಾಗಿದೆ. ಎರಡು ಹಲ್ಲುಗಳ ನಡುವೆ ಸಣ್ಣ ರಬ್ಬರ್ ಉಂಗುರ ತೂರಿಸಿ ಕೆಲವು ದಿನ ಬಿಟ್ಟರೆ ಸಂದು ತುಸು ಅಗಲವಾಗುತ್ತದೆ, ಆಗ ಒಳಬದಿಯನ್ನು ನೇರವಾಗಿ ನೋಡಬಹುದು. ಹೀಗೆ ಸಂದು ಬಿಡಿಸಿ ನೋಡಿದ್ದನ್ನು ಎಕ್ಸ್-ರೇಯೊಂದಿಗೆ ಹೋಲಿಸಿ ಪಿಟ್ಸ್ ಮತ್ತು ರಿಮ್ಮರ್ 1992ರಲ್ಲಿ ಪ್ರಕಟಿಸಿದ ಫಲಿತಾಂಶ ಇದು: ಶಾಶ್ವತ ಹಲ್ಲುಗಳಲ್ಲಿ ನೆರಳು ಎನಾಮೆಲ್‌ನ ಹೊರ ಅರ್ಧದಲ್ಲಿದ್ದಾಗ ಒಂದರಲ್ಲೂ ಕುಳಿ ಇರಲಿಲ್ಲ, ಒಳ ಅರ್ಧಕ್ಕೆ ಬಂದಾಗ ಸುಮಾರು 10%ರಲ್ಲಿ ಇತ್ತು, ಎನಾಮೆಲ್‌ನ ಅಡಿಯ ಪದರವಾದ ಡೆಂಟಿನ್‌ನ ಹೊರ ಅರ್ಧ ಮುಟ್ಟಿದಾಗ ಸುಮಾರು 41%ರಲ್ಲಿ, ಒಳ ಅರ್ಧಕ್ಕೆ ಇಳಿದಾಗ ಎಲ್ಲದರಲ್ಲೂ. ಅಂದರೆ ‘ಎಕ್ಸ್-ರೇಯಲ್ಲಿ ಡೆಂಟಿನ್‌ವರೆಗೆ ಬಂದಿದೆ, ಕೊರೆಯಲೇಬೇಕು’ ಎಂಬ ಮಾತು ಅರ್ಧಕ್ಕಿಂತ ಹೆಚ್ಚು ಸಲ, ಮುರಿಯದ ಮೇಲ್ಮೈಯನ್ನು ಮುರಿಯುವ ಮಾತಾಗಿತ್ತು.

ಲೇಸರ್ ಬೆಳಕು ಬಿಟ್ಟು ಸಂಖ್ಯೆ ತೋರಿಸುವ ಉಪಕರಣಗಳು 1990ರ ದಶಕದ ಕೊನೆಯಿಂದ ಬಂದಿವೆ. ಕಣ್ಣಿಗಿಂತ ಹೆಚ್ಚು ಹುಳುಕನ್ನು ಅವು ಹಿಡಿಯುತ್ತವೆ, ಜೊತೆಗೆ ಕಲೆ, ಕೊಳೆಗಳನ್ನೂ ಹುಳುಕೆಂದು ತೋರಿಸುತ್ತವೆ. ಇದರ ಪರಿಣಾಮವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. 1000 ಹಲ್ಲಿನ ಬದಿಗಳಲ್ಲಿ 50ರಲ್ಲಿ ನಿಜವಾಗಿ ಹುಳುಕಿದೆ ಎನ್ನೋಣ. ಪರೀಕ್ಷೆಯೊಂದು ಹುಳುಕಿರುವ ಕಡೆ 80% ಸಲ, ಇಲ್ಲದ ಕಡೆ 90% ಸಲ ಸರಿಯಾಗಿ ಹೇಳುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಅದು 50ರಲ್ಲಿ 40ನ್ನು ಹಿಡಿಯುವಾಗ, ಉಳಿದ 950 ಆರೋಗ್ಯವಂತ ಬದಿಗಳಲ್ಲಿ 95ನ್ನೂ ಹುಳುಕೆಂದು ಹೇಳುತ್ತದೆ. ಹುಳುಕೆಂದು ಗುರುತಾದ 135ರಲ್ಲಿ 95 ಚೆನ್ನಾಗಿರುವ ಹಲ್ಲುಗಳು! ರೋಗ ಕಡಿಮೆಯಿರುವ ಬಾಯಿಯಲ್ಲಿ ಒಳ್ಳೆಯ ಪರೀಕ್ಷೆಯೂ ಹೀಗೆ ದಾರಿತಪ್ಪಿಸುತ್ತದೆ, ಮತ್ತು ಒಟ್ಟಾರೆ ಜನರ ಹಲ್ಲು ಸುಧಾರಿಸಿದಷ್ಟೂ ಈ ತಪ್ಪು ಹೆಚ್ಚುತ್ತದೆ. ಎರಡು ಪುರಾವೆ ಮಟ್ಟಗಳ ಅಗತ್ಯ ಬರುವುದು ಇಲ್ಲೇ. 135ಕ್ಕೂ ಫ್ಲೋರೈಡ್ ವಾರ್ನಿಷ್ ಬಳಿದರೆ 95 ಹಲ್ಲುಗಳಿಗೆ ಯಾವ ನಷ್ಟವೂ ಇಲ್ಲ. 135ನ್ನೂ ಕೊರೆದರೆ ಆ 95 ಹಲ್ಲುಗಳು ಎಂದೂ ಮೊದಲಿನಂತಾಗವು.

ಕೊರೆಯುವುದರ ಬೆಲೆಯನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ. ಫಿಲ್ಲಿಂಗ್ ಶಾಶ್ವತವಲ್ಲ. ಅಂಚು ಬಿಟ್ಟಾಗ ಹಳೆಯದನ್ನು ತೆಗೆದು ಹೊಸದು ಹಾಕಬೇಕು, ಪ್ರತಿ ಸಲವೂ ಹೊಂಡ ಇನ್ನಷ್ಟು ದೊಡ್ಡದಾಗುತ್ತದೆ, ಒಂದು ಬದಿಯದು ಎರಡು ಬದಿಗೆ ಹರಡುತ್ತದೆ, ಮುಂದೆ ರೂಟ್ ಕೆನಾಲ್, ಕ್ಯಾಪ್, ಕೊನೆಗೆ ಕೀಳುವ ದಾರಿ ತೆರೆಯುತ್ತದೆ. ಹಲ್ಲುಗಳ ಸಂದಿನಲ್ಲಿ ಕೊರೆಯುವಾಗ ಪಕ್ಕದ ಹಲ್ಲಿಗೆ ಡ್ರಿಲ್ಲಿನ ತುದಿ ತಾಗಿ ಗಾಯವಾಗುವುದು ಅಪರೂಪದ ಕೈತಪ್ಪಲ್ಲ, ಅರ್ಧಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಹಾಗಾಗುತ್ತದೆಂದು ಡೆನ್ಮಾರ್ಕಿನಲ್ಲಿ ಕ್ವಿಸ್ಟ್ ಮತ್ತು ಸಂಗಡಿಗರು ಕಂಡರು. ಇವೆಲ್ಲಕ್ಕಿಂತ ಮುಖ್ಯವಾಗಿ, ಫಿಲ್ಲಿಂಗ್ ರೋಗಕ್ಕೆ ಮದ್ದಲ್ಲ. ಆಮ್ಲ ಮಾಡುವ ಲೋಳೆಪದರ, ಪದೇಪದೇ ಬರುವ ಸಕ್ಕರೆ, ಒಣಗಿದ ಬಾಯಿ ಎಲ್ಲ ಮೊದಲಿನಂತೆಯೇ ಇದ್ದರೆ ಹೊಸ ಫಿಲ್ಲಿಂಗಿನ ಅಂಚಿನಲ್ಲೇ ಮತ್ತೆ ಹುಳುಕು ಹಿಡಿಯುತ್ತದೆ.

ಹಾಗೆಂದು ‘ಕಾದು ನೋಡೋಣ’ ಎಂದು ಕಳಿಸಿಬಿಡುವುದೂ ಚಿಕಿತ್ಸೆಯಲ್ಲ. ಮಾಡಲು ಕೆಲಸ ಬೇಕಾದಷ್ಟಿದೆ. 5% ಸೋಡಿಯಂ ಫ್ಲೋರೈಡ್ ವಾರ್ನಿಷನ್ನು ಕೆಲವು ತಿಂಗಳಿಗೊಮ್ಮೆ ಮಚ್ಚೆಯ ಮೇಲೆ ಬಳಿಯಬೇಕು. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 2013ರ ಕಾಕ್ರೇನ್ ವಿಮರ್ಶೆ ಇಂಥ ವಾರ್ನಿಷಿನಿಂದ ಶಾಶ್ವತ ಹಲ್ಲುಗಳ ಹುಳುಕು ಸರಾಸರಿ 43% ತಗ್ಗುತ್ತದೆಂದು ಕಂಡಿತು. ದವಡೆ ಹಲ್ಲಿನ ಗೀರಿಗೆ ರಾಳದ ಸೀಲೆಂಟ್ ಹಾಕಿ ಮುಚ್ಚಬಹುದು. ಸಂದಿನ ಮಚ್ಚೆಯ ರಂಧ್ರಗಳಿಗೆ ತೆಳು ರಾಳವನ್ನು ಹೀರಿಸುವ ವಿಧಾನ ಜರ್ಮನಿಯಲ್ಲಿ ಬೆಳೆದು ಈಗ ನಮ್ಮ ನಗರಗಳ ಕ್ಲಿನಿಕ್ಕುಗಳಿಗೂ ಬಂದಿದೆ. ಮನೆಯಲ್ಲಿ ದಿನಕ್ಕೆರಡು ಸಲ ಫ್ಲೋರೈಡ್ ಇರುವ ಪೇಸ್ಟಿನಿಂದ ಉಜ್ಜಬೇಕು, ನಮ್ಮ ಅಂಗಡಿಗಳಲ್ಲಿ ಸಿಗುವ ಹಲವು ಗಿಡಮೂಲಿಕೆ ಪೇಸ್ಟುಗಳಲ್ಲಿ ಅದು ಇರುವುದಿಲ್ಲವಾದ್ದರಿಂದ ಟ್ಯೂಬಿನ ಮೇಲೆ ಓದಿ ಕೊಳ್ಳಬೇಕು. ಜೊತೆಗೆ ಮಚ್ಚೆಯ ಜಾಗ, ಬಣ್ಣ, ಹೊಳಪನ್ನು ರೋಗಿಯ ಕಡತದಲ್ಲಿ ಬರೆದು, ಸಾಧ್ಯವಾದರೆ ಫೋಟೋ ತೆಗೆದಿಡಬೇಕು. ಮುಂದಿನ ಸಲ ಹೋಲಿಸಲು ಹಿಂದಿನದು ಇಲ್ಲದಿದ್ದರೆ ನಿಗಾ ಎಂಬ ಮಾತಿಗೆ ಅರ್ಥವಿಲ್ಲ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು ನಮ್ಮ ನೆಲದ್ದೇ. ‘ಇಲ್ಲಿ ಜನ ನೋವು ಬಂದಾಗಷ್ಟೇ ಬರುತ್ತಾರೆ. ಆರು ತಿಂಗಳಿಗೆ ಬನ್ನಿ ಎಂದರೆ ಆರು ವರ್ಷಕ್ಕೆ ಬರುತ್ತಾರೆ. ಸಿಕ್ಕಾಗಲೇ ಫಿಲ್ಲಿಂಗ್ ಮಾಡಿಬಿಡುವುದು ಲೇಸು.’ ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಆದರೆ ಎನಾಮೆಲ್ ದಾಟಲು ಹುಳುಕಿಗೆ ಸಾಮಾನ್ಯವಾಗಿ ತಿಂಗಳುಗಳಲ್ಲ, ವರ್ಷಗಳೇ ಬೇಕು. ವಾರ್ನಿಷ್, ಸೀಲೆಂಟ್ ಎರಡನ್ನೂ ಆ ಮೊದಲ ಭೇಟಿಯಲ್ಲೇ ಮುಗಿಸಬಹುದು. ಮರಳಿ ಬಾರದ ರೋಗಿಯ ಬಾಯಲ್ಲಿ ಫಿಲ್ಲಿಂಗಿಗೂ ನಿಗಾ ಇರುವುದಿಲ್ಲ, ಅದರ ಅಂಚು ಬಿಟ್ಟದ್ದು ಗೊತ್ತಾಗುವುದು ನೋವು ಬಂದಾಗಲೇ. ಮರಳುವ ಭರವಸೆಯಿಲ್ಲದವರಲ್ಲಿ ಡೆಂಟಿನ್ ಮುಟ್ಟಿದ, ಕುಳಿಯೆಂದು ಅನುಮಾನವಿರುವ ಹುಳುಕಿನ ಬಗ್ಗೆ ನಿರ್ಧಾರ ತುಸು ಬೇಗ ಮಾಡಬೇಕಾಗಬಹುದು, ಒಪ್ಪುತ್ತೇನೆ. ಬಿಳಿ ಮಚ್ಚೆಗೆ ಆ ರಿಯಾಯಿತಿ ಸಲ್ಲದು.

ಎರಡನೆಯದು, ಮೇಲೆ ಚೆನ್ನಾಗಿ ಕಾಣುವ ಗೀರಿನಡಿ ಡೆಂಟಿನ್ ಟೊಳ್ಳಾಗಿರಬಹುದು, ಅದನ್ನು ಮುಚ್ಚಿದರೆ ಒಳಗೇ ಬೆಳೆಯುತ್ತದೆ ಎಂಬ ಭಯ. ಅಂಥ ಹಲ್ಲುಗಳು ಇವೆ, ಒಣಗಿಸಿ ನೋಡಿದಾಗ ಕಾಣುವ ಬೂದು ನೆರಳು ಮತ್ತು ಬೈಟ್‌ವಿಂಗ್ ಅವುಗಳಲ್ಲಿ ಹೆಚ್ಚಿನವನ್ನು ಹೊರಗೆಡಹುತ್ತವೆ. ತಪ್ಪಿಸಿಕೊಂಡವುಗಳ ಗತಿ? ಅಮೆರಿಕದ ಮೆರ್ಟ್ಜ್-ಫೇರ್‌ಹರ್ಸ್ಟ್ ಮತ್ತು ಸಂಗಡಿಗರು, ಡೆಂಟಿನ್‌ನೊಳಗೆ ಇಳಿದು ಕುಳಿಯೇ ಆಗಿದ್ದ ಹುಳುಕನ್ನು ತೆಗೆಯದೆ ಅದರ ಮೇಲೆ ಭದ್ರವಾಗಿ ಮುಚ್ಚಿ, 10 ವರ್ಷ ಹಿಂಬಾಲಿಸಿ 1998ರಲ್ಲಿ ವರದಿ ಮಾಡಿದರು. ಮುಚ್ಚಳ ಭದ್ರವಾಗಿದ್ದ ಕಡೆ ಹುಳುಕು ನಿಂತುಹೋಗಿತ್ತು. ಆಹಾರ ತಲುಪದ ಬ್ಯಾಕ್ಟೀರಿಯಾ ಆಮ್ಲ ಮಾಡಲಾರವು. ಕುಳಿಯಾದ ಹುಳುಕೇ ಹೀಗೆ ನಿಲ್ಲುವುದಾದರೆ, ಅನುಮಾನದ ಗೀರನ್ನು ಮುಚ್ಚಲು ಅಂಜಬೇಕಾಗಿಲ್ಲ. ಮುಚ್ಚಳ ಕಿತ್ತುಬಂದಿದೆಯೇ ಎಂದು ನೋಡುತ್ತಿರಬೇಕು, ಅಷ್ಟೇ.

‘ಕೋಲಾರದ ನೀರಿನಲ್ಲಿ ಫ್ಲೋರೈಡೇ ಶತ್ರು, ಮತ್ತೆ ಅದನ್ನೇ ಹಲ್ಲಿಗೆ ಬಳಿಯುವುದೇ’ ಎಂದು ಹೆತ್ತವರು ಕೇಳುವುದು ಸಹಜ. ಫ್ಲೋರೋಸಿಸ್ ಬರುವುದು ಒಸಡಿನೊಳಗೆ ಹಲ್ಲು ರೂಪುಗೊಳ್ಳುತ್ತಿರುವ ಬಾಲ್ಯದಲ್ಲಿ, ದಿನವೂ ಹೊಟ್ಟೆಗೆ ಹೋಗುವ ಫ್ಲೋರೈಡಿನಿಂದ. ಹುಳುಕನ್ನು ತಡೆಯುವುದು ಮುಖ್ಯವಾಗಿ ಮೂಡಿದ ಹಲ್ಲಿನ ಹೊರಮೈಗೆ ತಾಗುವ ಫ್ಲೋರೈಡ್. ಆದ್ದರಿಂದ ಅಂಥ ಊರುಗಳಲ್ಲಿ ಕುಡಿಯುವ ನೀರನ್ನು ಬದಲಿಸಬೇಕು, ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಪೇಸ್ಟ್ ಮಾತ್ರ ಕೊಟ್ಟು ಉಗುಳಿಸಬೇಕು. ಎರಡೂ ಒಟ್ಟಿಗೆ ಸಾಧ್ಯ.

ಹಣದ ಮಾತನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಫಿಲ್ಲಿಂಗಿಗೆ ದರವಿದೆ. ಹಲ್ಲು ಒಣಗಿಸಿ ನೋಡಿ, ಬರೆದಿಟ್ಟು, ಏನೇನು ಯಾವಾಗ ತಿನ್ನುತ್ತೀರಿ ಎಂದು ವಿಚಾರಿಸಿ ತಿಳಿಹೇಳುವ ಅರ್ಧ ಗಂಟೆಗೆ ನಮ್ಮಲ್ಲಿ ದರವಿಲ್ಲ, ಕೇಳಿದರೆ ‘ಏನೂ ಮಾಡದೆ ದುಡ್ಡು ಕೇಳಿದರು’ ಎಂಬ ಮಾತು ಬರುತ್ತದೆ. ಈ ಲೆಕ್ಕ ಬದಲಾಗುವವರೆಗೆ ಒಳ್ಳೆಯ ವೈದ್ಯರೂ ಕೊರೆಯುವ ಕಡೆಗೇ ವಾಲುತ್ತಾರೆ. ರೋಗಿಗಳು ಆ ಅರ್ಧ ಗಂಟೆಯನ್ನು ಚಿಕಿತ್ಸೆಯೆಂದು ಎಣಿಸಿ ಶುಲ್ಕ ಕೊಡಲು ಸಿದ್ಧರಾಗಬೇಕು, ವೈದ್ಯರು ಅದನ್ನು ಸಂಕೋಚವಿಲ್ಲದೆ ಕೇಳಬೇಕು.

ಡ್ರಿಲ್ ಬೇಕಾಗುವ ಹಂತವೂ ಇದೆ. ಮೇಲ್ಮೈ ಮುರಿದು ಡೆಂಟಿನ್‌ಗೆ ತೆರೆದುಕೊಂಡು, ಬ್ರಷ್ ತಲುಪದ ಕುಳಿಯಾದ ಮೇಲೆ ಅಲ್ಲಿ ಲೋಳೆ ಸದಾ ಬೀಡುಬಿಟ್ಟಿರುತ್ತದೆ, ವಾರ್ನಿಷ್ ಒಂದರಿಂದಲೇ ಅದನ್ನು ನಿಲ್ಲಿಸುವುದು ಕಷ್ಟ. ಆಗಲೂ ಹಳೆಯ ರೀತಿ ಬಿಟ್ಟುಹೋಗಿದೆ. ಗ್ರೀನ್ ವರ್ಡಿಮನ್ ಬ್ಲ್ಯಾಕ್ 1908ರಲ್ಲಿ ಬೋಧಿಸಿದಂತೆ ಮುಂದೆ ಹುಳುಕಾಗಬಹುದಾದ ಗೀರುಗಳನ್ನೆಲ್ಲ ಸೇರಿಸಿ ಅಗಲವಾಗಿ ಕೊರೆಯುವ ಕಾರಣ ಈಗ ಉಳಿದಿಲ್ಲ. ಹುಳುಕು ಆಳಕ್ಕೆ ಇಳಿದಿದ್ದರೆ ಅಂಚುಗಳನ್ನು ಗಟ್ಟಿ ಹಲ್ಲಿನವರೆಗೆ ಶುಚಿಮಾಡಿ, ತಿರುಳಿನ ಹತ್ತಿರ ಮೆತ್ತಗಿನ ಡೆಂಟಿನ್ ತುಸು ಉಳಿಸಿ ಭದ್ರವಾಗಿ ಮುಚ್ಚುತ್ತಾರೆ. ಕೊರೆತಕ್ಕೆ ಅಳುವ ಪುಟ್ಟ ಮಗುವಿನ ಹಾಲುಹಲ್ಲಿಗೆ, ಹಾಸಿಗೆ ಹಿಡಿದ ಹಿರಿಯರ ಬೇರುಭಾಗದ ಹುಳುಕಿಗೆ 38% ಸಿಲ್ವರ್ ಡೈಅಮೈನ್ ಫ್ಲೋರೈಡ್‌ನ ಒಂದು ಹನಿ ಹಚ್ಚಿದರೂ ಎಷ್ಟೋ ಸಲ ಹುಳುಕು ನಿಲ್ಲುತ್ತದೆ. ಹಚ್ಚಿದ ಜಾಗ ಶಾಶ್ವತವಾಗಿ ಕಪ್ಪಾಗುತ್ತದೆ ಎಂಬುದನ್ನು ಮನೆಯವರಿಗೆ ಹಚ್ಚುವ ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು, ಮುಂದಿನ ಹಲ್ಲಾದರೆ ಇನ್ನೊಮ್ಮೆ ಕೇಳಬೇಕು.